ಗೈಡ್ ದಳದ ವಾರ್ಷಿಕ ಕಾರ್ಯಕ್ರಮ

ಗೈಡ್ ದಳದ ವಾರ್ಷಿಕ ಕಾರ್ಯಕ್ರಮ ಎಂಬುದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಗೆ ಸೇರಿದ ಬಾಲಕಿಯರ ದಳವೊಂದು ಒಂದು ಶೈಕ್ಷಣಿಕ ವರ್ಷದ ಅವಧಿಯಲ್ಲಿ ಕೈಗೊಳ್ಳುವ ನಾಯಕತ್ವ ತರಬೇತಿ, ಹೊರಾಂಗಣ ಚಟುವಟಿಕೆ ಹಾಗೂ ಸಮುದಾಯ ಸೇವೆಯ ಕ್ರಮಬದ್ಧ ಯೋಜನೆಯಾಗಿದೆ. ಕರ್ನಾಟಕದಲ್ಲಿ ಇದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಶಾಲೆಯೊಂದಿಗೆ ಆರಂಭವಾಗಿ ಮಾರ್ಚ್ ವೇಳೆಗೆ ಮುಗಿಯುತ್ತದೆ. ಯೋಜನೆಯನ್ನು ಶಿಕ್ಷಕಿಯೊಬ್ಬರೇ ರೂಪಿಸದೆ, ಬಾಲಕಿಯರೇ ಸಭೆ ಸೇರಿ ತೀರ್ಮಾನಿಸಿ, ಹಂಚಿಕೊಂಡು, ನಡೆಸಬೇಕೆಂಬುದು ಇದರ ಮೂಲತತ್ತ್ವ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಂತಹ ಮಲೆನಾಡು ಪ್ರದೇಶಗಳಲ್ಲಿ ಮಳೆ, ದಾರಿ ಮತ್ತು ಕಾಡಾನೆಗಳ ಕಾರಣದಿಂದ ಈ ಯೋಜನೆ ಬಯಲುಸೀಮೆಯದಕ್ಕಿಂತ ಭಿನ್ನವಾದ ರೂಪ ಪಡೆಯುತ್ತದೆ.

ಹಿನ್ನೆಲೆ

ರಾಬರ್ಟ್ ಬೇಡನ್ ಪೊವೆಲ್ ಅವರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರಿಗಾಗಿ ನಡೆಸಿದ ಪ್ರಾಯೋಗಿಕ ಶಿಬಿರವು ಸ್ಕೌಟ್ ಚಳವಳಿಗೆ ನಾಂದಿಯಾಯಿತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಬಾಲಕಿಯರೂ ಬಂದು ತಮಗೂ ಅವಕಾಶ ಬೇಕೆಂದು ಕೇಳಿದರು. ಇದರ ಫಲವಾಗಿ 1910ರಲ್ಲಿ ಬೇಡನ್ ಪೊವೆಲ್ ಅವರ ಸೋದರಿ ಆಗ್ನೆಸ್ ಅವರ ನೆರವಿನಿಂದ ಗೈಡ್ ಸಂಸ್ಥೆ ಸ್ಥಾಪನೆಯಾಯಿತು. ಅಂದರೆ ಗೈಡ್ ಚಳವಳಿಯು ಬಾಲಕಿಯರಿಗೆ ಹಿರಿಯರು ಕೊಟ್ಟ ಕೊಡುಗೆಯಲ್ಲ. ಅವರು ತಾವಾಗಿಯೇ ಮುಂದೆ ಬಂದು ಕೇಳಿ ಪಡೆದದ್ದು. 1928ರಲ್ಲಿ ಗೈಡ್‌ಗಳ ವಿಶ್ವ ಸಂಸ್ಥೆ ರೂಪುಗೊಂಡಿತು. ಅದರ ಅಂತರರಾಷ್ಟ್ರೀಯ ಕೇಂದ್ರಗಳಲ್ಲಿ ಒಂದಾದ 'ಸಂಗಮ್' 1966ರಲ್ಲಿ ಪುಣೆಯಲ್ಲಿ ಆರಂಭವಾಯಿತು.

ಭಾರತದಲ್ಲಿ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲಿಯೂ, ಮೊದಲ ಗೈಡ್ ದಳ 1911ರಲ್ಲಿ ಜಬಲ್ಪುರದಲ್ಲಿಯೂ ಆರಂಭವಾದವು. ಮೊದಮೊದಲು ಸ್ಕೌಟ್ ದಳಗಳು ಬಹುಮಟ್ಟಿಗೆ ಐರೋಪ್ಯ ಹಾಗೂ ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಸೀಮಿತವಾಗಿದ್ದವು. ಭಾರತೀಯ ಮಕ್ಕಳಿಗಾಗಿ ಆನಿ ಬೆಸೆಂಟ್ ಮೊದಲಾದವರು ಮದರಾಸಿನಲ್ಲಿ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ವಿವಿಧ ಸ್ಕೌಟ್ ಸಂಸ್ಥೆಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನೆಯಾಯಿತು. 1951ರ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಇದರಲ್ಲಿ ವಿಲೀನವಾಯಿತು. ಕರ್ನಾಟಕದಲ್ಲಿ ದೊಡ್ಡಬಳ್ಳಾಪುರ ಮತ್ತು ಹರಿಹರದ ಸಮೀಪದ ಕೊಂಡಜ್ಜಿ ಚಳವಳಿಯ ಪ್ರಮುಖ ತರಬೇತಿ ಸ್ಥಳಗಳಾಗಿವೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಜರುಗಿತು.

ದಳದ ರಚನೆ

ಚಿಕ್ಕ ಬಾಲಕಿಯರ ವಿಭಾಗವನ್ನು ಬುಲ್‌ಬುಲ್ ಎಂದೂ, 10 ವರ್ಷ ತುಂಬಿದವರ ವಿಭಾಗವನ್ನು ಗೈಡ್ ಎಂದೂ, ಕಾಲೇಜು ವಯಸ್ಸಿನವರ ವಿಭಾಗವನ್ನು ರೇಂಜರ್ ಎಂದೂ ಕರೆಯಲಾಗುತ್ತದೆ. ಗೈಡ್ ದಳದ ಹೊಣೆ ಹೊತ್ತ ಶಿಕ್ಷಕಿಗೆ ಗೈಡ್ ಕ್ಯಾಪ್ಟನ್ ಎಂಬ ಹೆಸರಿದೆ.

ದಳವನ್ನು ಆರರಿಂದ ಎಂಟು ಬಾಲಕಿಯರ ಚಿಕ್ಕ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಇಂತಹ ಗುಂಪಿಗೆ ಪೆಟ್ರೋಲ್ ಎಂಬ ಹೆಸರಿದ್ದು, ಮಲ್ಲಿಗೆ, ಕಮಲ, ಗುಲಾಬಿ ಮುಂತಾದ ಹೂವಿನ ಹೆಸರನ್ನು ಪ್ರತಿ ಗುಂಪಿಗೂ ಇಡುವುದು ವಾಡಿಕೆ. ಗುಂಪಿನಲ್ಲಿ ಒಬ್ಬಳು ನಾಯಕಿ, ಒಬ್ಬಳು ಉಪನಾಯಕಿ. ಉಳಿದವರಲ್ಲಿ ಒಬ್ಬಳು ಲೆಕ್ಕ ಬರೆದರೆ, ಇನ್ನೊಬ್ಬಳು ವರದಿ ಬರೆಯುತ್ತಾಳೆ, ಮತ್ತೊಬ್ಬಳು ಹಗ್ಗ, ಪಾತ್ರೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಾಳೆ. ಕೆಲಸವಿಲ್ಲದ ಸದಸ್ಯೆ ಯಾರೂ ಇರಬಾರದೆಂಬುದು ನಿಯಮದ ಆಶಯ.

ಗುಂಪುಗಳ ನಾಯಕಿಯರು ಸೇರುವ ಸಭೆಗೆ ಕೋರ್ಟ್ ಆಫ್ ಆನರ್ ಎನ್ನಲಾಗುತ್ತದೆ. ವರ್ಷದ ಕಾರ್ಯಕ್ರಮ, ಖರ್ಚುವೆಚ್ಚ ಮತ್ತು ಶಿಸ್ತಿನ ಪ್ರಶ್ನೆಗಳನ್ನು ಈ ಸಭೆ ತೀರ್ಮಾನಿಸುತ್ತದೆ. ಕ್ಯಾಪ್ಟನ್ ಇಲ್ಲಿ ಸಲಹೆಗಾರ್ತಿ ಮಾತ್ರ. ಹನ್ನೆರಡು ಹದಿಮೂರು ವರ್ಷದ ಬಾಲಕಿಯು ಮಾತನಾಡಿ, ಭಿನ್ನಾಭಿಪ್ರಾಯ ಕೇಳಿ, ಬಹುಮತಕ್ಕೆ ತಲೆಬಾಗಿ, ಮಾಡಿದ ತೀರ್ಮಾನಕ್ಕೆ ತಾನೇ ಉತ್ತರ ಹೇಳುವ ಅನುಭವವನ್ನು ಮೊದಲ ಬಾರಿಗೆ ಪಡೆಯುವುದು ಹೆಚ್ಚಾಗಿ ಈ ಸಭೆಯಲ್ಲಿಯೇ.

ಸೋಪಾನಗಳು

ಗೈಡ್‌ನ ಪ್ರಗತಿಯನ್ನು ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ ಮತ್ತು ರಾಷ್ಟ್ರಪತಿ ಪುರಸ್ಕಾರ ಎಂಬ ಹಂತಗಳಲ್ಲಿ ಗುರುತಿಸಲಾಗುತ್ತದೆ. ಪ್ರವೇಶಕ್ಕೆ ಸುಮಾರು ಮೂರು ತಿಂಗಳು, ಆ ಬಳಿಕ ಪ್ರಥಮ ಸೋಪಾನಕ್ಕೆ ಸುಮಾರು ಆರು ತಿಂಗಳು ಬೇಕಾಗುವುದರಿಂದ, ಹೊಸದಾಗಿ ಸೇರಿದ ಬಾಲಕಿಯು ಒಂದು ಶೈಕ್ಷಣಿಕ ವರ್ಷದಲ್ಲಿ ಈ ಎರಡು ಮೆಟ್ಟಿಲುಗಳನ್ನು ಏರಬಹುದು. ಮುಂದಿನ ಸೋಪಾನಗಳಿಗೆ ಇನ್ನೂ ದೀರ್ಘ ಅವಧಿ ಬೇಕು. ಆದ್ದರಿಂದ ಎಂಟನೆಯ ತರಗತಿಯಲ್ಲಿ ಸೇರುವವರಿಗಿಂತ ಐದು ಅಥವಾ ಆರನೆಯ ತರಗತಿಯಲ್ಲಿ ಸೇರುವವರಿಗೆ ರಾಜ್ಯ ಪುರಸ್ಕಾರ ತಲುಪುವುದು ಸುಲಭ.

ಪ್ರವೇಶದ ಹಂತದಲ್ಲಿ ಪ್ರತಿಜ್ಞೆ, ನಿಯಮ, ಧ್ವಜಗಳ ಪರಿಚಯ, ವಂದನೆ, ಎಡಗೈ ಹಸ್ತಲಾಘವ ಮತ್ತು ದಿನಕ್ಕೊಂದು ಸತ್ಕಾರ್ಯದ ಅಭ್ಯಾಸವಿರುತ್ತದೆ. 'ಸಿದ್ಧವಾಗಿರು' ಎಂಬುದು ಧ್ಯೇಯವಾಕ್ಯ. ಪ್ರಥಮ ಸೋಪಾನದಲ್ಲಿ ಗಂಟುಗಳು, ಸೀಟಿ ಮತ್ತು ಕೈ ಸಂಕೇತಗಳು, ವ್ಯಾಯಾಮ, ಪ್ರಥಮ ಚಿಕಿತ್ಸೆಯ ಮೊದಲ ಪಾಠಗಳು ಬರುತ್ತವೆ. ಪ್ರತಿ ಗಂಟಿಗೂ ಒಂದು ಉಪಯೋಗವಿದೆ. ರೀಫ್ ಗಂಟು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿ ಕಟ್ಟಲು ಅನುಕೂಲ. ಶೀಟ್ ಬೆಂಡ್ ದಪ್ಪ ಹಗ್ಗಕ್ಕೆ ತೆಳು ಹಗ್ಗವನ್ನು ಜೋಡಿಸುತ್ತದೆ. ಕ್ಲೋವ್ ಹಿಚ್ ಕಂಬಕ್ಕೆ ಹಗ್ಗ ಬಿಗಿಯಲು ಬಳಕೆಯಾದರೆ, ಬೋಲೈನ್ ಎಳೆದರೂ ಜಾರಿ ಬಿಗಿಯದ ಕುಣಿಕೆಯಾದುದರಿಂದ ಅಪಾಯದಲ್ಲಿರುವವರನ್ನು ಎತ್ತಲು ಒದಗುತ್ತದೆ.

ವರ್ಷದ ನಡೆ

ಶಾಲಾ ಪಂಚಾಂಗಕ್ಕೆ ಹೊಂದಿಕೊಂಡು ಬರುವ ವಾರ್ಷಿಕ ಯೋಜನೆಯ ಸಾಮಾನ್ಯ ರೂಪ ಹೀಗಿದೆ:

ಜೂನ್–ಜುಲೈ: ಹೊಸ ಸದಸ್ಯೆಯರ ಸೇರ್ಪಡೆ, ಗುಂಪುಗಳ ರಚನೆ, ನಾಯಕಿಯರ ಆಯ್ಕೆ. ಜೂನ್ 5ರ ವಿಶ್ವ ಪರಿಸರ ದಿನದ ಸುಮಾರಿಗೆ ಸಸಿ ನೆಡುವಿಕೆ.

ಆಗಸ್ಟ್–ಸೆಪ್ಟೆಂಬರ್: ಪ್ರವೇಶದ ಪಾಠಗಳು, ಸ್ವಾತಂತ್ರ್ಯೋತ್ಸವ, ದೀಕ್ಷಾವಿಧಿ. ದೀಕ್ಷೆ ಪಡೆದ ದಿನದಿಂದ ಬಾಲಕಿಯು ಅಧಿಕೃತವಾಗಿ ಗೈಡ್ ಎನಿಸಿಕೊಳ್ಳುತ್ತಾಳೆ.

ಅಕ್ಟೋಬರ್: ದಸರಾ ರಜೆ. ಅಕ್ಟೋಬರ್ 11ರ ಅಂತರರಾಷ್ಟ್ರೀಯ ಹೆಣ್ಣುಮಕ್ಕಳ ದಿನ.

ನವೆಂಬರ್: 7ರಂದು ಸಂಸ್ಥೆಯ ಸ್ಥಾಪನಾ ದಿನ, ಧ್ವಜ ಚೀಟಿಗಳ ಮೂಲಕ ನಿಧಿ ಸಂಗ್ರಹ. ಕನ್ನಡ ರಾಜ್ಯೋತ್ಸವ ಮತ್ತು ಮಕ್ಕಳ ದಿನಾಚರಣೆ.

ಡಿಸೆಂಬರ್–ಜನವರಿ: ಹೊರಸಂಚಾರ, ಶಿಬಿರ, ಹೊರಾಂಗಣ ಅಡುಗೆ, ಸೋಪಾನ ಪರೀಕ್ಷೆಗಳು. ಜನವರಿ 24ರ ರಾಷ್ಟ್ರೀಯ ಹೆಣ್ಣುಮಕ್ಕಳ ದಿನ, ಗಣರಾಜ್ಯೋತ್ಸವ.

ಫೆಬ್ರವರಿ–ಮಾರ್ಚ್: ಫೆಬ್ರವರಿ 22ರ ಚಿಂತನಾ ದಿನ, ಲೆಕ್ಕಪತ್ರ ಮಂಡನೆ, ಕಿರಿಯರಿಗೆ ಹೊಣೆ ವರ್ಗಾವಣೆ.

ಚಿಂತನಾ ದಿನವು ಬೇಡನ್ ಪೊವೆಲ್ ಮತ್ತು ಅವರ ಪತ್ನಿ ಓಲೇವ್ ಇಬ್ಬರ ಜನ್ಮದಿನ. ಜಗತ್ತಿನ ಎಲ್ಲ ಗೈಡ್‌ಗಳು ಪರಸ್ಪರರನ್ನು ನೆನೆಯುವ ದಿನವೊಂದಿರಲೆಂದು 1926ರ ಅಂತರರಾಷ್ಟ್ರೀಯ ಸಮ್ಮೇಳನ ನಿರ್ಧರಿಸಿತು. ಹುಟ್ಟುಹಬ್ಬಕ್ಕೆ ಉಡುಗೊರೆಯೂ ಬೇಕಲ್ಲವೇ ಎಂಬ ಸೂಚನೆ 1932ರಲ್ಲಿ ಬಂದ ಮೇಲೆ, ಪ್ರತಿ ಗೈಡ್ ಒಂದು ಚಿಕ್ಕ ನಾಣ್ಯವನ್ನು ನಿಧಿಗೆ ಕೊಡುವ ಪದ್ಧತಿ ಬೆಳೆಯಿತು.

ಮಲೆನಾಡಿನ ಶಾಲೆಗಳಲ್ಲಿ

ಮೇಲಿನ ಯೋಜನೆಯನ್ನು ಆಲೂರು ತಾಲ್ಲೂಕಿನ ಮಗ್ಗೆ ಅಥವಾ ಸಕಲೇಶಪುರದ ಹಳ್ಳಿಗಳಂತಹ ಕಡೆಗೆ ಅನ್ವಯಿಸುವಾಗ ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ಪಶ್ಚಿಮ ಘಟ್ಟಕ್ಕೆ ತಾಗಿದ ಸಕಲೇಶಪುರದ ಭಾಗಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ಕಾಲುದಾರಿಯಲ್ಲಿ ಇಂಬಳ, ಹಳ್ಳಗಳಲ್ಲಿ ಪ್ರವಾಹ. ಆದ್ದರಿಂದ ಗಂಟು, ಪ್ರಥಮ ಚಿಕಿತ್ಸೆ, ನಕ್ಷೆ ಓದುವಿಕೆಗಳನ್ನು ಮಳೆಗಾಲದಲ್ಲಿ ಶಾಲೆಯ ಜಗಲಿಯಲ್ಲಿ ಮುಗಿಸಿ, ಹೊರಾಂಗಣದ ಕಾರ್ಯಗಳನ್ನು ಡಿಸೆಂಬರ್ ಬಳಿಕ ಇಟ್ಟುಕೊಳ್ಳುವುದು ಸೂಕ್ತ. ಆದರೆ ಅದೇ ಕಾಲ ಕಾಫಿ ಕೊಯ್ಲಿನದು. ತೋಟದ ಕೆಲಸಕ್ಕೆ ತಂದೆತಾಯಿ ಇಬ್ಬರೂ ಹೋಗುವ ಮನೆಗಳಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವ ಭಾರ ಹಿರಿಯ ಮಗಳ ಮೇಲೆ ಬೀಳುತ್ತದೆ. ರಜಾದಿನದ ಸಭೆಗೆ ಗೈರುಹಾಜರಾದವಳ ಕಾರಣವನ್ನು ವಿಚಾರಿಸದೆ ಅವಳನ್ನು ನಿರಾಸಕ್ತಳೆಂದು ಬಗೆಯುವುದು ಸರಿಯಲ್ಲ.

ಕಾಡಾನೆಗಳ ಸಂಚಾರ ಇನ್ನೊಂದು ಮುಖ್ಯ ಅಂಶ. ಆಲೂರು–ಸಕಲೇಶಪುರ ಭಾಗದ ಮಾನವ–ಆನೆ ಸಂಘರ್ಷವನ್ನು ಕರ್ನಾಟಕ ಆನೆ ಕಾರ್ಯಪಡೆಯು 2012ರ ತನ್ನ ವರದಿಯಲ್ಲಿ ವಿಶೇಷವಾಗಿ ಪರಿಶೀಲಿಸಿತ್ತು. ಆ ಬಳಿಕ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತಾದರೂ ಸಮಸ್ಯೆ ಮುಗಿದಿಲ್ಲ. ಮುಂಜಾನೆ ಮತ್ತು ಮುಸ್ಸಂಜೆಯ ಸಭೆಗಳನ್ನು ಇಲ್ಲಿ ತಪ್ಪಿಸಬೇಕು. ಸಂಜೆಯ ಬಸ್ಸಿಗೆ ಮೊದಲೇ ಚಟುವಟಿಕೆ ಮುಗಿಯಬೇಕು. ಬಯಲಿನ ಡೇರೆಗೆ ಬದಲಾಗಿ ಶಾಲಾ ಕಟ್ಟಡದೊಳಗೆ ರಾತ್ರಿ ತಂಗುವುದು ಕ್ಷೇಮ. ಅರಣ್ಯ ಇಲಾಖೆಯ ಎಚ್ಚರಿಕೆಯನ್ನು ತಿಳಿದುಕೊಂಡು, ಒಂಟಿಯಾಗಿ ನಡೆಯುವ ಮಕ್ಕಳನ್ನು ಗುಂಪುಗೂಡಿಸಿ ಮನೆ ಸೇರಿಸುವ ಕೆಲಸವೇ ಇಲ್ಲಿ ಗುಂಪಿನ ನಾಯಕಿಯ ನಿಜವಾದ ಹೊಣೆಯಾಗಬಲ್ಲದು.

ಹಗಲಿನ ಹೊರಸಂಚಾರಕ್ಕೆ ಸಕಲೇಶಪುರದ ಸಮೀಪವಿರುವ ಮಂಜರಾಬಾದ್ ಕೋಟೆ ಯೋಗ್ಯ ಸ್ಥಳ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಈ ಕೋಟೆಯಲ್ಲಿ ದಿಕ್ಸೂಚಿ ಬಳಕೆ, ಹೆಜ್ಜೆಯಿಂದ ದೂರ ಅಳೆಯುವುದು ಮತ್ತು ನಕ್ಷೆ ಬರೆಯುವುದನ್ನು ಒಂದೇ ದಿನದಲ್ಲಿ ಅಭ್ಯಾಸ ಮಾಡಿಸಬಹುದು.

ಸಮುದಾಯ ಸೇವೆ

ಗೈಡ್ ಪ್ರತಿಜ್ಞೆಯಲ್ಲಿಯೇ ಇತರರಿಗೆ ನೆರವಾಗುವ ಮಾತಿದೆ. ಸೇವೆಯು ಮನೆಯಿಂದ ಆರಂಭವಾಗಿ ಶಾಲೆಗೆ, ಬಳಿಕ ಊರಿಗೆ ವಿಸ್ತರಿಸುತ್ತದೆ. ಕುಡಿಯುವ ನೀರಿನ ಮೂಲಗಳ ಸ್ವಚ್ಛತೆ, ಕೈತೋಟ, ಓದಲು ಬಾರದ ಹಿರಿಯರಿಗೆ ಅರ್ಜಿ ಓದಿ ಹೇಳುವುದು, ಜಾತ್ರೆಗಳಲ್ಲಿ ನೀರು ಮತ್ತು ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಸಾಮಾನ್ಯ ಉದಾಹರಣೆಗಳು.

ತೋಟ ಮತ್ತು ಗದ್ದೆಗಳ ನಾಡಿನಲ್ಲಿ ಹಾವು ಕಡಿತದ ಬಗೆಗಿನ ತಿಳಿವಳಿಕೆ ಅತ್ಯಂತ ಉಪಯುಕ್ತ. ಕಡಿತಕ್ಕೊಳಗಾದವರಿಗೆ ಧೈರ್ಯ ಹೇಳಿ, ಅಲುಗಾಡದಂತೆ ಮಲಗಿಸಿ, ಉಂಗುರ ಬಳೆಗಳನ್ನು ತೆಗೆದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಅಪಾಯಕರ. ಈ ನಾಲ್ಕು ಮಾತುಗಳನ್ನು ಬಾಲಕಿಯೊಬ್ಬಳು ಮನೆಯವರಿಗೆ ಮನದಟ್ಟು ಮಾಡಿದರೆ ವರ್ಷದ ಪಾಠ ಸಾರ್ಥಕ.

ಕರ್ನಾಟಕದ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯೂ ಗೈಡ್‌ಗಳಿಗೆ ಒಳ್ಳೆಯ ಅವಕಾಶ. ಶೌಚಾಲಯಕ್ಕೆ ನೀರಿಲ್ಲದಿರುವುದು, ಬಸ್ಸಿನ ವೇಳೆ, ದಾರಿದೀಪ ಮೊದಲಾದ ವಿಷಯಗಳನ್ನು ಮೊದಲೇ ಸಮೀಕ್ಷೆ ಮಾಡಿ, ಲಿಖಿತವಾಗಿ ಮಂಡಿಸಿ, ಮುಂದಿನ ಸಭೆಯಲ್ಲಿ ಏನಾಯಿತೆಂದು ಕೇಳುವುದು ನಾಯಕತ್ವದ ನೇರ ಅಭ್ಯಾಸ. ಬಾಲ್ಯವಿವಾಹ ನಿಷೇಧ ಕಾಯ್ದೆ (2006) ಹೆಣ್ಣಿಗೆ 18 ವರ್ಷವಾಗುವ ಮುನ್ನ ಮದುವೆಯನ್ನು ನಿಷೇಧಿಸುತ್ತದೆ ಎಂಬುದನ್ನೂ, ಮಕ್ಕಳ ಸಹಾಯವಾಣಿ 1098 ಎಂಬುದನ್ನೂ ಪ್ರತಿ ಗೈಡ್ ತಿಳಿದಿರಬೇಕಾದುದು ಇಂದಿನ ಅಗತ್ಯ.

ಅಡಚಣೆಗಳು ಮತ್ತು ಟೀಕೆ

ಗೈಡ್ ಚಟುವಟಿಕೆಯು ಹಲವೆಡೆ ಅತಿಥಿಗಳ ಸ್ವಾಗತ, ಧ್ವಜವಂದನೆ ಮತ್ತು ಪಥಸಂಚಲನಕ್ಕೆ ಸೀಮಿತವಾಗುತ್ತದೆ. ಇಂತಹ ಕಡೆ ಸಮವಸ್ತ್ರವಿರುತ್ತದೆ, ಸಭೆಯಿರುವುದಿಲ್ಲ. ನಾಯಕಿಯಿರುತ್ತಾಳೆ, ಅವಳು ತೀರ್ಮಾನಿಸುವ ವಿಷಯವಿರುವುದಿಲ್ಲ. ಸಮವಸ್ತ್ರ, ಸ್ಕಾರ್ಫ್ ಮತ್ತು ಶಿಬಿರದ ವೆಚ್ಚ ಬಡ ಕುಟುಂಬಗಳಿಗೆ ಹೊರೆಯಾಗುತ್ತದೆ. ಹಿಂದಿನ ವರ್ಷದ ಸಮವಸ್ತ್ರಗಳನ್ನು ಶಾಲೆಯಲ್ಲಿಯೇ ಇಟ್ಟು ಕಿರಿಯರಿಗೆ ದಾಟಿಸುವುದು ಇದಕ್ಕೊಂದು ಸರಳ ಪರಿಹಾರ.

ರಾತ್ರಿ ತಂಗುವ ಶಿಬಿರಕ್ಕೆ ಮಗಳನ್ನು ಕಳುಹಿಸಲು ಪೋಷಕರು ಹಿಂಜರಿಯುವುದು ಸಹಜ. ಮಹಿಳಾ ಕ್ಯಾಪ್ಟನ್‌ನ ಉಪಸ್ಥಿತಿ, ತಾಯಂದಿರಿಗೆ ಶಿಬಿರ ಸ್ಥಳವನ್ನು ಮೊದಲೇ ತೋರಿಸುವುದು ಮತ್ತು ಲಿಖಿತ ಒಪ್ಪಿಗೆ ಇದನ್ನು ಬಹುಮಟ್ಟಿಗೆ ನಿವಾರಿಸುತ್ತವೆ.

ಎಲ್ಲಕ್ಕಿಂತ ದೊಡ್ಡ ಅಡಚಣೆ ನಿರಂತರತೆಯ ಕೊರತೆ. ತರಬೇತಿ ಪಡೆದ ಶಿಕ್ಷಕಿ ವರ್ಗವಾದೊಡನೆ ದಳ ನಿಂತುಹೋಗಬಹುದು. ಹಿರಿಯ ಪ್ರಾಥಮಿಕ ಶಾಲೆ ಮುಗಿಸಿ ಪ್ರೌಢಶಾಲೆಗೆ ಸೇರುವ ಬಾಲಕಿಗೆ ಅಲ್ಲಿ ದಳವಿಲ್ಲದಿದ್ದರೆ, ಏರಿದ ಸೋಪಾನಗಳು ಅಲ್ಲಿಗೇ ನಿಲ್ಲುತ್ತವೆ. ಪ್ರಗತಿ ದಾಖಲೆಯನ್ನು ಬಾಲಕಿಯ ಕೈಗೇ ಕೊಟ್ಟು ಕಳುಹಿಸುವುದು, ಸಮೀಪದ ಶಾಲೆಗಳು ಕೂಡಿ ಒಂದು ದಳ ನಡೆಸುವುದು, ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕಿಯರಿಗೆ ತರಬೇತಿ ಕೊಡಿಸುವುದು ಇದಕ್ಕೆ ಸಾಧ್ಯವಿರುವ ಪರಿಹಾರಗಳು.

ಮೌಲ್ಯಮಾಪನ

ರಾಜ್ಯ ಪುರಸ್ಕಾರದ ಪ್ರಮಾಣಪತ್ರವನ್ನು ರಾಜ್ಯಪಾಲರ ಹೆಸರಿನಲ್ಲಿಯೂ, ಅತ್ಯುನ್ನತ ಪ್ರಮಾಣಪತ್ರವನ್ನು ರಾಷ್ಟ್ರಪತಿಯವರ ಹೆಸರಿನಲ್ಲಿಯೂ ನೀಡಲಾಗುತ್ತದೆ. ಇವುಗಳನ್ನು ತಲುಪುವವರು ಕೆಲವರೇ. ಆದ್ದರಿಂದ ದಳವೊಂದರ ವರ್ಷವನ್ನು ಪುರಸ್ಕಾರಗಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಎಷ್ಟು ಬಾಲಕಿಯರು ಸಭೆಯಲ್ಲಿ ಮಾತನಾಡಿದರು, ಎಷ್ಟು ಮಂದಿ ಲೆಕ್ಕ ಬರೆದು ಒಪ್ಪಿಸಿದರು, ಕೈಗೆತ್ತಿಕೊಂಡ ಊರಿನ ಕೆಲಸ ಮುಗಿಯಿತೇ, ಮುಂದಿನ ಜೂನ್‌ನಲ್ಲಿ ಕಿರಿಯರಿಗೆ ಕಲಿಸಬಲ್ಲ ಹಿರಿಯರು ದಳದಲ್ಲಿ ಉಳಿದರೇ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ವಾರ್ಷಿಕ ಕಾರ್ಯಕ್ರಮದ ನಿಜವಾದ ಫಲಿತಾಂಶ.