ಖಾಸಗಿ ಕಾರುಗಳ ವಿಮೆ: ಹೆಚ್ಚುವರಿ ಸಾಧನಗಳು ಹಾಗೂ ಮಾರ್ಪಾಡುಗಳ ಘೋಷಣೆ

ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳ ವಾಹನ ಮಾಲೀಕರು ಕಾರಿನ ವಿಮೆ ಮಾಡಿಸುವಾಗ ಪ್ರಸ್ತಾವನಾ ನಮೂನೆಯನ್ನು ಸಾಮಾನ್ಯವಾಗಿ ಮಾರಾಟಗಾರರು ಅಥವಾ ಏಜೆಂಟರು ಭರ್ತಿ ಮಾಡುತ್ತಾರೆ. ಮಾಲೀಕರು ಸಹಿ ಮಾತ್ರ ಹಾಕುತ್ತಾರೆ. ಹೀಗಿದ್ದರೂ ನಮೂನೆಯಲ್ಲಿನ ವಿವರಗಳಿಗೆ ಸಹಿ ಮಾಡಿದವರೇ ಹೊಣೆಗಾರರು. ಬೆಣ್ಣಿಹಳ್ಳದ ನೆರೆ ನೀರು ಕಾರಿನೊಳಗೆ ನುಗ್ಗಿದಾಗಲೋ, ವಾಹನ ಕಳುವಾದಾಗಲೋ ಪರಿಹಾರದ ಮೊತ್ತ ನಿರ್ಧಾರವಾಗುವುದು ಆ ವಿವರಗಳ ಮೇಲೆಯೇ. ಈ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಾರ್ಖಾನೆಯಲ್ಲಿ ಅಳವಡಿಸಿದ ಸಾಧನಗಳು

ಕಾರಿನ ವಿಮಾ ಘೋಷಿತ ಮೌಲ್ಯವನ್ನು (ಐಡಿವಿ) ಆ ಮಾದರಿಗೆ ತಯಾರಕರು ಪ್ರಕಟಿಸಿದ ಮಾರಾಟ ಬೆಲೆಯಿಂದ ಸವಕಳಿ ಕಳೆದು ನಿಗದಿಪಡಿಸಲಾಗುತ್ತದೆ. ಸದರಿ ಬೆಲೆಯಲ್ಲಿ ಸೇರಿರುವ ಅಲಾಯ್ ಚಕ್ರ, ಮ್ಯೂಸಿಕ್ ಸಿಸ್ಟಂ, ಸನ್‌ರೂಫ್ ಮುಂತಾದವುಗಳನ್ನು ಪ್ರತ್ಯೇಕವಾಗಿ ಘೋಷಿಸುವ ಅಗತ್ಯವಿಲ್ಲ. ಆದರೆ ಮಾದರಿಯ ಹೆಸರು ಸರಿಯಾಗಿರತಕ್ಕದ್ದು. ಒಂದೇ ಕಾರಿನ ಕೆಳದರ್ಜೆಯ ಮಾದರಿಗೂ ಮೇಲ್ದರ್ಜೆಯ ಮಾದರಿಗೂ ಬೆಲೆಯಲ್ಲಿ ಲಕ್ಷಾಂತರ ರೂಪಾಯಿಗಳ ವ್ಯತ್ಯಾಸವಿರುವುದುಂಟು. ಕೆಳದರ್ಜೆಯ ಹೆಸರು ನಮೂದಾದಲ್ಲಿ ಪ್ರೀಮಿಯಂ ಕೊಂಚ ಉಳಿಯಬಹುದು. ವಾಹನ ಪೂರ್ಣ ಹಾನಿಯಾದಾಗ ಕೈಗೆ ಬರುವ ಮೊತ್ತವೂ ಅದೇ ಅಳತೆಯಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ಖರೀದಿ ಬಿಲ್ಲು, ನೋಂದಣಿ ಪ್ರಮಾಣಪತ್ರ ಮತ್ತು ಪಾಲಿಸಿ ಮೂರನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡುವುದು ಒಳಿತು.

ಮಾರಾಟ ಮಳಿಗೆಯಲ್ಲಿ ಅಥವಾ ಹೊರಗೆ ಅಳವಡಿಸಿದ ಸಾಧನಗಳ ವಿಚಾರ ಬೇರೆ. ತಯಾರಕರ ಪ್ರಕಟಿತ ಬೆಲೆಯಲ್ಲಿ ಸೇರದ ವಿದ್ಯುತ್ ಹಾಗೂ ಎಲೆಕ್ಟ್ರಾನಿಕ್ ಸಾಧನಗಳನ್ನು ಮೌಲ್ಯಸಹಿತ ಘೋಷಿಸಿ ಪಾಲಿಸಿಯ ಅನುಸೂಚಿಯಲ್ಲಿ ನಮೂದಿಸಿಕೊಳ್ಳತಕ್ಕದ್ದು. ನಮೂದಾದ ಸಾಧನಕ್ಕೂ ಅಪಘಾತ, ಬೆಂಕಿ, ಕಳವು, ನೆರೆ ಮುಂತಾದ ಕಾರಣಗಳ ಹಾನಿಗೆ ಮಾತ್ರ ಪರಿಹಾರ ಲಭ್ಯ. ಅದು ತಾನಾಗಿಯೇ ಕೆಟ್ಟಲ್ಲಿ ಲಭ್ಯವಿಲ್ಲ. ಸೀಟು ಕವರು, ಮೇಲ್ಛಾವಣಿ ಕ್ಯಾರಿಯರ್‌ನಂತಹ ವಿದ್ಯುತ್ತೇತರ ವಸ್ತುಗಳನ್ನೂ ಬಿಲ್ಲಿನೊಂದಿಗೆ ತಿಳಿಸತಕ್ಕದ್ದು.

ಅನಿಲ ಕಿಟ್

ಅತಿ ಹೆಚ್ಚು ತಕರಾರಿಗೆ ಆಸ್ಪದವಾಗುವುದು ಎಲ್‌ಪಿಜಿ ಹಾಗೂ ಸಿಎನ್‌ಜಿ ಕಿಟ್. ಇಂಧನ ಬದಲಾವಣೆಯು ವಾಹನದ ನೋಂದಣಿ ವಿವರವನ್ನೇ ಬದಲಿಸುವುದರಿಂದ ಇಲ್ಲಿ ಎರಡು ಹಂತಗಳಿವೆ. ಮೊದಲನೆಯದಾಗಿ, ಅನುಮೋದಿತ ಕಿಟ್ ಅನ್ನು ಅಧಿಕೃತ ಕೇಂದ್ರದಲ್ಲಿ ಅಳವಡಿಸಿ, ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಮೇರೆಗೆ ವಾಸಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ, ಅಂದರೆ ಧಾರವಾಡ (ಕೆಎ-25) ಅಥವಾ ಹುಬ್ಬಳ್ಳಿ (ಕೆಎ-63) ಕಚೇರಿಗೆ, 14 ದಿನಗಳೊಳಗೆ ವರದಿ ಮಾಡಿ ನೋಂದಣಿ ಪ್ರಮಾಣಪತ್ರದಲ್ಲಿ ಇಂಧನದ ನಮೂದು ಬದಲಿಸಿಕೊಳ್ಳತಕ್ಕದ್ದು. ಎರಡನೆಯದಾಗಿ, ಆ ಪ್ರಮಾಣಪತ್ರದ ಪ್ರತಿಯನ್ನು ವಿಮಾ ಸಂಸ್ಥೆಗೆ ಸಲ್ಲಿಸಿ ಪಾಲಿಸಿಗೆ ಹಿಂಬರಹ ಮಾಡಿಸಿಕೊಳ್ಳತಕ್ಕದ್ದು. ಕಚೇರಿಯಲ್ಲಿ ನಮೂದಾದ ಮಾತ್ರಕ್ಕೆ ವಿಮಾ ಸಂಸ್ಥೆಗೆ ತಿಳಿದಂತಾಗುವುದಿಲ್ಲ. ಗೃಹಬಳಕೆಯ ಸಿಲಿಂಡರಿನಿಂದ ಕಾರು ಓಡಿಸುವುದು ಅಪರಾಧವಾಗಿದ್ದು, ಯಾವುದೇ ಘೋಷಣೆಯಿಂದ ಸಕ್ರಮವಾಗಲಾರದು.

2002ರ ಭಾರತೀಯ ಮೋಟಾರು ದರಪಟ್ಟಿಯಲ್ಲಿ ವಿದ್ಯುತ್ ಸಾಧನಗಳಿಗೂ ಹೊರಗಿನಿಂದ ಅಳವಡಿಸಿದ ಅನಿಲ ಕಿಟ್‌ಗೂ ಮೌಲ್ಯದ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ನಿಗದಿಯಾಗಿತ್ತು. 2007ರ ಜನವರಿ 1ರಿಂದ ಸ್ವಂತ ಹಾನಿಯ ದರಗಳನ್ನು ಸಂಸ್ಥೆಗಳೇ ನಿರ್ಧರಿಸುತ್ತಿವೆಯಾದರೂ ಅಂದಾಜಿಗೆ ಹಳೆಯ ದರವೇ ಸಾಕು. ₹50,000ದ ಕಿಟ್‌ಗೆ ಒಂದು ವರ್ಷ ಮೀರಿದ ಮೇಲೆ ಶೇ. 20 ಸವಕಳಿ ಕಳೆದರೆ ₹40,000 ಉಳಿಯುತ್ತದೆ, ಅದರ ಶೇ. 4 ಎಂದರೆ ₹1,600. ಇಷ್ಟನ್ನು ಉಳಿಸಲು ಹೋಗಿ ಬೆಂಕಿ ಅವಘಡದಲ್ಲಿ ಇಡೀ ಕಾರಿನ ಪರಿಹಾರವನ್ನೇ ವಿವಾದಕ್ಕೆ ಒಡ್ಡುವುದು ಲಾಭದ ವ್ಯವಹಾರವಲ್ಲ.

ಅನುಮತಿಯಿಲ್ಲದ ಮಾರ್ಪಾಡುಗಳು

ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಅಳವಡಿಕೆಯನ್ನು ತಡೆಯುವಂತೆ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಎತ್ತು, ಎಮ್ಮೆ ಅಡ್ಡ ಬರುವ ಹಳ್ಳಿಯ ರಸ್ತೆಗಳಲ್ಲಿ ಇದು ರಕ್ಷಣೆ ಎಂಬ ಭಾವನೆ ವ್ಯಾಪಕವಾಗಿದೆಯಾದರೂ, ಡಿಕ್ಕಿಯ ಆಘಾತ ಹೀರಿಕೊಳ್ಳುವ ಮುಂಭಾಗದ ರಚನೆ ಇದರಿಂದ ಕೆಲಸ ಮಾಡದಂತಾಗಬಹುದು. ನಿಯಮಬಾಹಿರ ಮಾರ್ಪಾಡಿಗೆ ಕಲಂ 182ಎ(4)ರಡಿ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ₹5,000 ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ವಿಕಲಚೇತನರ ಬಳಕೆಗಾಗಿ ಮಾರ್ಪಡಿಸಿದ ವಾಹನಗಳಿಗೆ ಕಾನೂನಿನಲ್ಲೇ ಅವಕಾಶವಿದೆ. ಇಂತಹ ವಾಹನಗಳ ಸ್ವಂತ ಹಾನಿ ಪ್ರೀಮಿಯಂನಲ್ಲಿ 2002ರ ದರಪಟ್ಟಿಯು ಶೇ. 50 ರಿಯಾಯಿತಿ ನೀಡಿತ್ತು. ನೋಂದಣಿ ಪ್ರಮಾಣಪತ್ರದಲ್ಲಿ ನಮೂದಿರಬೇಕೆಂಬುದೇ ಷರತ್ತು. ಅರ್ಹರು ರಿಯಾಯಿತಿಯನ್ನು ವಿಮಾ ಸಂಸ್ಥೆಯಲ್ಲಿ ಕೇಳಿ ಪಡೆಯತಕ್ಕದ್ದು.

ನವೀಕರಣ ಮತ್ತು ದೂರು

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರನೇ ವ್ಯಕ್ತಿ ವಿಮೆ ಮೂರು ವರ್ಷಗಳದ್ದಾಗಿದೆ. ಸ್ವಂತ ಹಾನಿ ವಿಮೆಯನ್ನು ವರ್ಷಕ್ಕೊಮ್ಮೆ ನವೀಕರಿಸುವವರು, ವಿಶೇಷವಾಗಿ ಸಂಸ್ಥೆ ಬದಲಿಸುವಾಗ, ಹಳೆಯ ಪಾಲಿಸಿಯಲ್ಲಿದ್ದ ಸಾಧನಗಳು ಹೊಸದರಲ್ಲಿ ಕೈಬಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕೇವಲ ಮೂರನೇ ವ್ಯಕ್ತಿ ಪಾಲಿಸಿ ಇದ್ದಲ್ಲಿ ಸ್ವಂತ ಕಾರಿನ ಯಾವ ಸಾಧನಕ್ಕೂ ಪರಿಹಾರವಿಲ್ಲ.

ಪರಿಹಾರ ತಿರಸ್ಕೃತವಾದಲ್ಲಿ ಮೊದಲು ವಿಮಾ ಸಂಸ್ಥೆಗೆ ಲಿಖಿತ ದೂರು ಸಲ್ಲಿಸತಕ್ಕದ್ದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿರದಿದ್ದಲ್ಲಿ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಧಾರವಾಡದ ಜಿಲ್ಲಾ ಗ್ರಾಹಕ ಆಯೋಗವನ್ನೂ ಸಂಪರ್ಕಿಸಬಹುದು. ದೂರಿನೊಂದಿಗೆ ಪ್ರಸ್ತಾವನಾ ನಮೂನೆಯ ಪ್ರತಿ, ಪಾಲಿಸಿಯ ಅನುಸೂಚಿ, ಸಾಧನಗಳ ಬಿಲ್ಲು ಹಾಗೂ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸತಕ್ಕದ್ದು.