ತಂತ್ರಾಂಶವೂ ಆಯುಧವೇ?

2016ರ ಆಗಸ್ಟ್ 10ರಂದು ಸಂಯುಕ್ತ ಅರಬ್ ಎಮಿರೇಟ್ಸ್‌ನ ಮಾನವ ಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್ ಅವರ ಐಫೋನಿಗೆ ಒಂದು ಕಿರುಸಂದೇಶ ಬಂದಿತು. ದೇಶದ ಸೆರೆಮನೆಗಳಲ್ಲಿ ನಡೆಯುವ ಚಿತ್ರಹಿಂಸೆಯ ಹೊಸ ಗುಟ್ಟುಗಳು ಇಲ್ಲಿವೆ ಎಂದು ಒಂದು ಕೊಂಡಿಯನ್ನು ಕೊಟ್ಟಿದ್ದರು. ನೀವಾಗಿದ್ದರೆ ಅದನ್ನು ಒತ್ತುತ್ತಿದ್ದಿರೋ ಏನೋ. ಇಂಥ ಗಾಳಕ್ಕೆ ಹಿಂದೆಯೂ ಗುರಿಯಾಗಿದ್ದ ಮನ್ಸೂರ್ ಒತ್ತಲಿಲ್ಲ. ಸಂದೇಶವನ್ನು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳುಹಿಸಿದರು.

ಅಲ್ಲಿನ ಸಂಶೋಧಕರು ಪರೀಕ್ಷೆಗೆಂದೇ ಇಟ್ಟ ಬೇರೊಂದು ಫೋನಿನಲ್ಲಿ ಕೊಂಡಿಯನ್ನು ತೆರೆದು, ಅಮೆರಿಕದ ಲುಕ್‌ಔಟ್ ಸಂಸ್ಥೆಯ ತಜ್ಞರೊಡನೆ ಅದನ್ನು ವಿಶ್ಲೇಷಿಸಿದರು. ಮೂರು ದೋಷಗಳು ಒಂದರ ಹಿಂದೊಂದು ಬಳಕೆಯಾಗಿದ್ದವು. ಮೊದಲನೆಯದು ಬ್ರೌಸರಿನೊಳಗೆ ಹೊರಗಿನವರ ಆದೇಶಗಳಿಗೆ ದಾರಿ ಬಿಟ್ಟಿತು. ಎರಡನೆಯದು ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್, ಸ್ಮೃತಿಯಲ್ಲಿ ಎಲ್ಲಿದೆ ಎಂದು ತೋರಿಸಿಕೊಟ್ಟಿತು. ಮೂರನೆಯದು ಆ ತಿರುಳಿನ ಮೇಲೇ ಹತೋಟಿ ಒದಗಿಸಿತು. ಆಮೇಲೆ ಒಳಗೆ ಬಂದು ಕುಳಿತದ್ದು ಪೆಗಾಸಸ್. ಇಸ್ರೇಲಿನ ಎನ್‌ಎಸ್‌ಒ ಕಂಪನಿ ಸರ್ಕಾರಗಳಿಗೆ ಮಾರುವ ಗೂಢಚಾರ ತಂತ್ರಾಂಶ. ವಿಷಯ ತಿಳಿದ ಆಪಲ್ ಕಂಪನಿ ಆಗಸ್ಟ್ 25ರಂದು ತಿದ್ದುಪಡಿಯನ್ನು ಬಿಡುಗಡೆ ಮಾಡಿತು.

ಇಂಥ ಸರಕಿಗೆ ಕಡಿವಾಣ ಹಾಕಲು ದೇಶಗಳು ಅದಕ್ಕೂ ಮೊದಲೇ ಯತ್ನಿಸಿದ್ದವು. ಆಯುಧಗಳು ಮತ್ತು ಇಬ್ಬಗೆ ಬಳಕೆಯ ಸರಕುಗಳ ರಫ್ತಿನ ಮೇಲೆ ಕಣ್ಣಿಡಲು 1996ರಲ್ಲಿ ಒಂದು ಒಪ್ಪಂದವಾಗಿತ್ತು. ನೆದರ್ಲೆಂಡ್ಸ್‌ನ ವಾಸೆನಾರ್ ಪಟ್ಟಣದ ಹೆಸರೇ ಅದಕ್ಕೂ ಬಂದಿದೆ. 2013ರ ಡಿಸೆಂಬರಿನಲ್ಲಿ ಅದರ ಪಟ್ಟಿಗೆ 'ಒಳನುಸುಳುವ ತಂತ್ರಾಂಶ'ವೂ ಸೇರಿತು. ಪತ್ತೆಯಾಗದಂತೆ ಅಡಗಿ, ಮಾಹಿತಿಯನ್ನು ಹೊರತೆಗೆಯುವ ಅಥವಾ ಯಂತ್ರದ ಸಹಜ ನಡೆಯನ್ನು ಬದಲಿಸುವ ತಂತ್ರಾಂಶ ಎಂಬುದು ಸ್ಥೂಲವಾಗಿ ಅದರ ವ್ಯಾಖ್ಯೆ. ಅದನ್ನು ತಯಾರಿಸಿ ನಡೆಸುವ ಸಾಧನಗಳ ಜೊತೆಗೆ, ಅಭಿವೃದ್ಧಿಪಡಿಸುವ ತಂತ್ರಜ್ಞಾನಕ್ಕೂ ರಫ್ತು ಪರವಾನಗಿ ಬೇಕೆಂದಾಯಿತು.

ತೊಡಕು ಇರುವುದು ಇಲ್ಲಿಯೇ. ಫಿರಂಗಿಯನ್ನು ಬಂದರಿನಲ್ಲಿ ತಡೆದು ನಿಲ್ಲಿಸಬಹುದು. ದೋಷವೊಂದರ ವಿವರಣೆಯನ್ನು? ಕಳ್ಳನ ಕೈಯಲ್ಲಿಯೂ ರಿಪೇರಿ ಮಾಡುವವನ ಕೈಯಲ್ಲಿಯೂ ಇರುವುದು ಅದೇ ವಿವರಣೆ! ಮನ್ಸೂರ್ ಅವರ ಪ್ರಕರಣವನ್ನೇ ನೋಡಿ. ಮಾಹಿತಿ ಎಮಿರೇಟ್ಸ್‌ನಿಂದ ಕೆನಡಾಕ್ಕೆ, ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಪ್ರತಿ ಗಡಿಯಲ್ಲಿಯೂ ಪರವಾನಗಿಗೆ ಕಾಯಬೇಕಾಗಿದ್ದರೆ ಹದಿನೈದು ದಿನಗಳಲ್ಲಿ ರಿಪೇರಿ ಮುಗಿಯುತ್ತಿತ್ತೇ? 2015ರಲ್ಲಿ ಅಮೆರಿಕ ಈ ನಿಯಮವನ್ನು ಜಾರಿಗೆ ತರಹೊರಟಾಗ ಸುರಕ್ಷತಾ ತಜ್ಞರು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. 2017ರ ಡಿಸೆಂಬರಿನಲ್ಲಿ ವಾಸೆನಾರ್ ದೇಶಗಳು ನಿಯಮವನ್ನು ತಿದ್ದಿ, ದೋಷವನ್ನು ವರದಿ ಮಾಡುವ ಕೆಲಸಕ್ಕೆ ವಿನಾಯಿತಿ ನೀಡಿದವು. ಭಾರತ ಆ ಕೂಟವನ್ನು ಸೇರಿದ್ದೂ ಅದೇ ತಿಂಗಳು. ಇಸ್ರೇಲ್ ಮಾತ್ರ ಅದರ ಸದಸ್ಯನಲ್ಲ.

ನಿಯಮ ಸರಿಯಾದರೂ ದುರ್ಬಳಕೆ ನಿಲ್ಲಲಿಲ್ಲ. 2019ರಲ್ಲಿ ವಾಟ್ಸಾಪ್ ಕರೆಯ ದೋಷದ ಮೂಲಕ ಸುಮಾರು 1,400 ಸಾಧನಗಳು ಗುರಿಯಾದವು. ಅವುಗಳಲ್ಲಿ ಭಾರತೀಯರವೂ ಇದ್ದವು. ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ನೇಮಿಸಿದ ತಾಂತ್ರಿಕ ಸಮಿತಿಯ ಮೇಲ್ವಿಚಾರಣೆ ವಹಿಸಿದವರು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಕುತಂತ್ರಾಂಶ ಕಂಡಿತಾದರೂ ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ.

ಅಷ್ಟರಲ್ಲಿ ಪ್ರಶ್ನೆಯೂ ಬದಲಾಗಿತ್ತು. ಸರಕು ಯಾವುದು ಎಂಬುದಕ್ಕಿಂತ, ಕೊಳ್ಳುವವರು ಯಾರು, ಯಾರ ಮೇಲೆ, ಯಾವ ಕಾನೂನಿನಡಿ ಬಳಸುತ್ತಾರೆ ಎಂದು ಕೇಳತೊಡಗಿದರು. 2021ರ ನವೆಂಬರಿನಲ್ಲಿ ಅಮೆರಿಕ ಎನ್‌ಎಸ್‌ಒ ಕಂಪನಿಯನ್ನು ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿತು. 2023ರ ಮಾರ್ಚಿನಲ್ಲಿ 11 ದೇಶಗಳು ಜಂಟಿ ಹೇಳಿಕೆ ನೀಡಿದವು. 2024ರ ಫೆಬ್ರುವರಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಲಂಡನ್ನಿನಲ್ಲಿ 'ಪಾಲ್ ಮಾಲ್ ಪ್ರಕ್ರಿಯೆ'ಯನ್ನು ಆರಂಭಿಸಿದವು. 2025ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನಲ್ಲಿ ಅದರ ನೀತಿಸಂಹಿತೆ ಹೊರಬಂದಾಗ ಇಪ್ಪತ್ತಕ್ಕೂ ಹೆಚ್ಚು ದೇಶಗಳು ಒಪ್ಪಿಗೆ ಸೂಚಿಸಿದವು. ಇದು ಕಾನೂನಲ್ಲ, ತಾವಾಗಿ ಕೊಟ್ಟ ಮಾತು ಅಷ್ಟೆ, ಮುರಿದವರಿಗೆ ದಂಡವಿಲ್ಲ.

ಮನ್ಸೂರ್ ಅವರನ್ನು 2017ರ ಮಾರ್ಚಿನಲ್ಲಿ ಬಂಧಿಸಿದರು. ಮರುವರ್ಷ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು.