ಸಂದುಗಳುಳ್ಳ ಪೆಟ್ಟಿಗೆ

ಇಂಗ್ಲಿಷಿನ ‘ಕ್ರೇಟ್’ ಎಂಬ ಪದಕ್ಕೆ ನಿಘಂಟುಗಳು ಸಾಮಾನ್ಯವಾಗಿ ಸರಕು ಸಾಗಿಸುವ ದೊಡ್ಡ ಪೆಟ್ಟಿಗೆ ಎಂದು ಅರ್ಥ ಕೊಟ್ಟು ಮುಂದೆ ಸಾಗುತ್ತವೆಯಾದರೂ, ಬಾಕ್ಸ್, ಕೇಸ್, ಕಾರ್ಟನ್ ಮೊದಲಾದ ನೆರೆಯ ಪದಗಳಿಂದ ಅದನ್ನು ಬೇರ್ಪಡಿಸುವ ಲಕ್ಷಣ ಗಾತ್ರಕ್ಕಿಂತ ಹೆಚ್ಚಾಗಿ ಸಂದು. ಹಲಗೆ ಹಲಗೆಗಳ ನಡುವೆ, ಅಥವಾ ಈಗಿನ ಪ್ಲಾಸ್ಟಿಕ್ ಗೋಡೆಯ ಜಾಲರಿಯಲ್ಲಿ, ಗಾಳಿಯಾಡುವಷ್ಟು ತೆರಪಿರುವ ಪೆಟ್ಟಿಗೆಯೇ ಈ ಹೆಸರಿಗೆ ಸಲ್ಲತಕ್ಕದ್ದು. ವಸ್ತುಸಂಗ್ರಹಾಲಯಗಳು ವರ್ಣಚಿತ್ರಗಳನ್ನು ದೂರದೇಶಗಳಿಗೆ ಕಳಿಸಲು ಬಳಸುವ ಬಿಗಿಯಾಗಿ ಮುಚ್ಚಿದ ಮರದ ಪೆಟ್ಟಿಗೆಯನ್ನೂ ಇಂಗ್ಲಿಷರು ಕ್ರೇಟ್ ಎಂದೇ ಕರೆಯುತ್ತಾರೆಂಬುದು ನಿಜ, ಆದರೆ ಅದು ಪದದ ಅರ್ಥ ಸಡಿಲಗೊಂಡ ಮೇಲಿನ ಮಾತು.

ಸಂದಿನ ಲಕ್ಷಣ ಪದದ ಮೂಲದಲ್ಲೇ ಇದೆ. ಲ್ಯಾಟಿನ್ನಿನ ‘ಕ್ರಾಟಿಸ್’ ಎಂಬುದು ಇದರ ಮೂಲವೆಂದು ಕೆಲವರೂ, ಡಚ್ ಭಾಷೆಯಲ್ಲಿ ಬುಟ್ಟಿ ಎಂಬರ್ಥವುಳ್ಳ ‘ಕ್ರಾಟ್’ ಎಂಬುದು ಮೂಲವೆಂದು ಇನ್ನು ಕೆಲವರೂ ಹೇಳುತ್ತಾರೆ. ಎರಡೂ ಹೆಣೆಯುವಿಕೆಯನ್ನು ಸೂಚಿಸುವ ಪದಗಳೇ ಆದ್ದರಿಂದ ಈ ವಾದದಲ್ಲಿ ಯಾರು ಗೆದ್ದರೂ ವ್ಯತ್ಯಾಸವಾಗುವುದು ಅಲ್ಪ. ಲ್ಯಾಟಿನ್ ಪದವು ಪೆಟ್ಟಿಗೆಯನ್ನಲ್ಲ, ಕನ್ನಡದಲ್ಲಿ ತಡಿಕೆ ಅಥವಾ ತಟ್ಟಿ ಎನ್ನುವ, ಕಡ್ಡಿಗಳನ್ನು ಹೆಣೆದು ಮಾಡಿದ ಚಪ್ಪಟೆ ವಸ್ತುವನ್ನು ಹೇಳುತ್ತಿತ್ತು. ರೋಮನ್ ರೈತರು ಅದನ್ನು ಉತ್ತ ನೆಲದ ಮೇಲೆ ಎಳೆದು ಹೆಂಟೆ ಒಡೆಯುತ್ತಿದ್ದರು. ಕ್ರಿ.ಶ. 98ರ ಸುಮಾರಿಗೆ ರಚಿತವಾದ ‘ಜರ್ಮಾನಿಯಾ’ ಕೃತಿಯಲ್ಲಿ ಇತಿಹಾಸಕಾರ ಟ್ಯಾಸಿಟಸ್, ಯುದ್ಧಕ್ಕೆ ಬೆದರಿದ ಹೇಡಿಗಳನ್ನು ಜರ್ಮನ್ ಬುಡಕಟ್ಟಿನವರು ಕೆಸರಿನಲ್ಲಿ ಅದುಮಿ ಮೇಲೊಂದು ತಡಿಕೆ ಹಾಕಿ ಮುಳುಗಿಸುತ್ತಿದ್ದರೆಂದು ಬರೆಯುವಾಗ ಬಳಸಿರುವುದೂ ಇದೇ ಪದವನ್ನೇ. ಇದರ ಅಲ್ಪಾರ್ಥಕ ರೂಪವಾದ, ಅಂದರೆ ಸಣ್ಣ ತಡಿಕೆ ಎಂಬರ್ಥದ ‘ಕ್ರಾಟಿಕುಲಾ’ ಎಂಬುದು ಫ್ರೆಂಚಿನ ಮೂಲಕ ಸವೆದು ‘ಗ್ರಿಲ್’ ಆಯಿತಾದ್ದರಿಂದ, ಕರ್ನಾಟಕದ ಮನೆಗಳ ಕಿಟಕಿಗೆ ಕೂರಿಸುವ ಕಬ್ಬಿಣದ ಗ್ರಿಲ್ಲಿಗೂ ಬಾಗಿಲಿಗೆ ಬರುವ ಹಾಲಿನ ಕ್ರೇಟಿಗೂ ಒಂದೇ ವಂಶ. ಸುತ್ತುವುದು, ನೂಲುವುದು ಎಂಬರ್ಥದ ಸಂಸ್ಕೃತದ ‘ಕೃತ್’ ಧಾತುವನ್ನೂ ಭಾಷಾಶಾಸ್ತ್ರಜ್ಞರು ಇದೇ ಬಳಗಕ್ಕೆ ಸೇರಿಸುತ್ತಾರೆ. ಕತ್ತರಿಸು ಎಂಬರ್ಥದ ‘ಕೃತ್’ ಬೇರೆಯೇ ಇದೆ, ಎರಡನ್ನೂ ಬೆರೆಸಬಾರದು.

ಇಂಗ್ಲಿಷಿನಲ್ಲಿ ಪದವು 14ನೇ ಶತಮಾನದ ಕೊನೆಯಲ್ಲಿ ತಡಿಕೆಯ ಅರ್ಥದಲ್ಲಿ ಕಾಣಿಸಿಕೊಂಡು, 17ನೇ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಪೆಟ್ಟಿಗೆ ಎಂಬ ಅರ್ಥಕ್ಕೆ ಬಂತು. ಚಪ್ಪಟೆ ತಡಿಕೆಗೆ ಹೀಗೆ ಗೋಡೆಗಳೆದ್ದುದರ ಹಿಂದೆ ಸುಲಭವಾಗಿ ಒಡೆಯುವ ಸರಕಿನ ವ್ಯಾಪಾರವೂ ಇದ್ದಿರಬೇಕು. ಸ್ಟಾಫರ್ಡ್‌ಶೈರಿನ ಕುಂಬಾರಿಕೆಯ ಊರುಗಳಲ್ಲಿ ಪಿಂಗಾಣಿ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿ, ಬಳುಕುವ ಎಳೆಗೊಂಬೆಗಳಿಂದ ಕಟ್ಟಿದ ಕ್ರೇಟುಗಳಲ್ಲಿ ತುಂಬುತ್ತಿದ್ದರು. ಗಟ್ಟಿ ಹಲಗೆ ಪೆಟ್ಟನ್ನು ನೇರವಾಗಿ ಒಳಗಿನ ಪಾತ್ರೆಗೆ ದಾಟಿಸಿದರೆ, ಹೆಣೆದ ಕೊಂಬೆ ಬಾಗಿ ಅದನ್ನು ತಾನೇ ತಾಳಿಕೊಳ್ಳುತ್ತದೆ. 1777ರಲ್ಲಿ ಪೂರ್ಣಗೊಂಡ ಟ್ರೆಂಟ್–ಮರ್ಸಿ ಕಾಲುವೆಗಾಗಿ ಕುಂಬಾರಿಕೆಯ ಉದ್ಯಮಿ ಜೊಸಾಯ ವೆಜ್‌ವುಡ್ ಪಟ್ಟುಹಿಡಿದು ದುಡಿದುದಕ್ಕೂ, ಹೇರುಕುದುರೆಗಳು ಓಡಾಡುವ ಕೆಟ್ಟ ದಾರಿಗಳಲ್ಲಿ ಪಾತ್ರೆಗಳು ಒಡೆಯುತ್ತಿದ್ದುದೇ ಒಂದು ಮುಖ್ಯ ಕಾರಣ.

ಪದದ ಮುಂದಿನ ಬಾಳು ಹಲವು ದಿಕ್ಕಿಗೆ ಚಾಚಿದೆ. ಮೊದಲ ಮಹಾಯುದ್ಧದ ಕಾಲದಿಂದ ವಿಮಾನವನ್ನು, ವಿಶೇಷವಾಗಿ ಹಳೆಯ ಲಟಾರಿ ವಿಮಾನವನ್ನು, ಆಡುಮಾತಿನಲ್ಲಿ ಕ್ರೇಟ್ ಎನ್ನುವುದು ರೂಢಿಯಾಯಿತು. ಮರದ ಚೌಕಟ್ಟಿಗೆ ತಂತಿ ಬಿಗಿದು ಬಟ್ಟೆ ಹೊದಿಸಿದ ಆ ಕಾಲದ ವಿಮಾನಗಳನ್ನು ನೋಡಿದರೆ ಈ ಹೆಸರನ್ನು ಬರೀ ಗೇಲಿ ಎನ್ನಲಾಗದು. ಗಬ್ಬದ ಹಂದಿಯನ್ನು ಹೊರಳಲೂ ಬಿಡದೆ ಕೂಡಿಹಾಕುವ ಕಬ್ಬಿಣದ ಇಕ್ಕಟ್ಟು ದೊಡ್ಡಿಗೂ ಕ್ರೇಟ್ ಎಂದೇ ಹೆಸರು, ಬ್ರಿಟನ್ ಅದನ್ನು 1999ರಿಂದ ನಿಷೇಧಿಸಿದೆ. ಅಮೆರಿಕದಲ್ಲಿ ಹಾಲಿನ ಪ್ಲಾಸ್ಟಿಕ್ ಕ್ರೇಟಿನೊಳಗೆ ಹನ್ನೆರಡು ಅಂಗುಲದ ಗ್ರಾಮಫೋನ್ ತಟ್ಟೆಗಳು ಸರಿಯಾಗಿ ಕೂರುತ್ತವಾದ್ದರಿಂದ, ಹಳೆಯ ತಟ್ಟೆಗಳ ರಾಶಿಯಲ್ಲಿ ಅಪರೂಪದ ಹಾಡು ಹುಡುಕುವುದಕ್ಕೆ ಅಲ್ಲಿನ ಹಿಪ್‌ಹಾಪ್ ಸಂಗೀತಗಾರರು ‘ಕ್ರೇಟ್ ಅಗೆಯುವುದು’ ಎನ್ನುತ್ತಾರೆ. ಇತ್ತೀಚಿನದು ಗಣಕಲೋಕದ ಬಳಕೆ. 2015ರ ಮೇ ತಿಂಗಳಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಕಂಪೈಲರ್, ಅಂದರೆ ಮನುಷ್ಯ ಬರೆದುದನ್ನು ಯಂತ್ರಸಂಕೇತಕ್ಕೆ ಇಳಿಸುವ ತಂತ್ರಾಂಶ, ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಘಟಕವೇ ಕ್ರೇಟ್. ಅವುಗಳನ್ನು ತರಿಸಿ ಜೋಡಿಸುವ ಸಾಧನಕ್ಕೆ ಹಡಗಿನ ಸರಕು ಎಂಬರ್ಥದ ‘ಕಾರ್ಗೋ’ ಎಂದು ಹೆಸರಿಟ್ಟಿರುವುದರಿಂದ ರೂಪಕ ಪೂರ್ತಿಯಾಗಿದೆ. ಆದರೆ ಈ ಕ್ರೇಟಿಗೆ ಸಂದಿಲ್ಲ. ಹೊರಗಿನವರಿಗೆ ಏನು ಕಾಣಬೇಕೆಂಬುದನ್ನು ಬರೆದವರೇ ನಿರ್ಧರಿಸುತ್ತಾರೆ.

ಕನ್ನಡವು ಈ ಅರ್ಥಗಳಲ್ಲಿ ಬಹುತೇಕ ಎಲ್ಲವನ್ನೂ ಬಿಟ್ಟು ಒಂದನ್ನಷ್ಟೇ ಆಯ್ದುಕೊಂಡಿರುವುದು ಗಮನಾರ್ಹ. ಮರದ ಹಲಗೆಯದಾದರೆ ಅದು ಸಾಮಾನ್ಯವಾಗಿ ಕನ್ನಡಿಗರಿಗೆ ಪೆಟ್ಟಿಗೆಯೇ. ಕ್ರೇಟ್ ಎಂದರೆ ಹಾಲಿನ ಪ್ಯಾಕೆಟ್, ಸೋಡಾ, ಬಿಯರ್, ತರಕಾರಿಗಳನ್ನು ಹೊತ್ತು ಬಂದು ಬರಿದಾದ ಮೇಲೆ ಅದೇ ಗಾಡಿಯಲ್ಲಿ ಹಿಂದಿರುಗಬೇಕಾದ ಪ್ಲಾಸ್ಟಿಕ್ ವಸ್ತು. ಇಪ್ಪತ್ತನಾಲ್ಕು ಗಾಜಿನ ಬಾಟಲಿಗಳ ತಂಪುಪಾನೀಯದ ಕ್ರೇಟನ್ನು ಅಂಗಡಿಯವನು ಠೇವಣಿ ಕಟ್ಟಿ ಇರಿಸಿಕೊಳ್ಳುತ್ತಾನೆಯೇ ಹೊರತು ಕೊಳ್ಳುವುದಿಲ್ಲ. ಪೆಟ್ಟಿಗೆಗೆ ಮನೆಯಲ್ಲಿ ಒಡೆಯನಿರುತ್ತಾನೆ, ಕ್ರೇಟಿನ ಒಡೆಯ ಊರಾಚೆಯ ಕಂಪನಿ.

ಮೇದಾರರು ಬಿದಿರಿನಲ್ಲಿ ಹೆಣೆಯುವ ಬುಟ್ಟಿ, ಮಂಕರಿಗಳ ಕೆಲಸವನ್ನು ಸಂತೆ ಮಂಡಿಗಳಲ್ಲಿ ಕ್ರೇಟು ಬಹುಮಟ್ಟಿಗೆ ಕಿತ್ತುಕೊಂಡಿರುವುದಕ್ಕೆ ಅಗ್ಗದ ಪ್ಲಾಸ್ಟಿಕ್ ಒಂದೇ ಕಾರಣವಲ್ಲ. ದುಂಡು ಬುಟ್ಟಿಗಳನ್ನು ಲಾರಿಯಲ್ಲಿ ಒತ್ತೊತ್ತಾಗಿ ಇಟ್ಟರೂ ನಡುವೆ ಜಾಗ ಪೋಲಾಗುತ್ತದೆ, ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಭಾರ ಕೆಳಗಿನ ಹಣ್ಣಿನ ಮೇಲೆ ಬೀಳುತ್ತದೆ. ಕ್ರೇಟಿನಲ್ಲಾದರೆ ಭಾರವನ್ನು ಗೋಡೆಗಳು ಹೊರುತ್ತವೆ. ಕೊಯ್ದ ಮೇಲೂ ಹಣ್ಣು ಉಸಿರಾಡುತ್ತ ಬಿಸಿ ಹೊರಸೂಸುವುದರಿಂದ ಆ ಬಿಸಿ ಹೋಗಲು ದಾರಿ ಬೇಕು, ಅದಕ್ಕೆ ಬುಟ್ಟಿಯಲ್ಲಿದ್ದ ಸಂದನ್ನೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಿದ್ದಾರೆ.

ವಸ್ತುವಿನ ಹೆಸರು ಅಳತೆಯ ಹೆಸರೂ ಆದಾಗ ಕನ್ನಡ ಅದಕ್ಕೆ ಬಹುವಚನ ಹಚ್ಚುವುದಿಲ್ಲ: ಎರಡು ಮೂಟೆ ಅಕ್ಕಿ, ಎರಡು ಕೊಡ ನೀರು ಎನ್ನುವ ಹಾಗೆಯೇ ಹಾಲಿನ ಬೂತಿನಲ್ಲಿ ಎರಡು ಕ್ರೇಟ್ ಹಾಲು ಎನ್ನುತ್ತಾರೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದೂ 15 ಕೆ.ಜಿ. ಹಿಡಿಯುವ ಇಂಥ ಕ್ರೇಟುಗಳಲ್ಲೇ, ಆದರೆ 2023ರ ಜುಲೈಯಲ್ಲಿ ಬೆಲೆ 2,000 ರೂಪಾಯಿ ದಾಟಿದಾಗ ಪತ್ರಿಕೆಗಳೂ ಮಂಡಿಯವರೂ ಹೆಚ್ಚಾಗಿ ಹೇಳಿದ್ದು ಕ್ರೇಟಿನ ಬೆಲೆ ಎಂದಲ್ಲ, ‘ಬಾಕ್ಸ್’ ಬೆಲೆ ಎಂದು.